ಕಸ್ತೂರೆವ್ವನ ಸಮನ್ಸು

ಜನರಿಗೆ ನ್ಯಾಯ ಯಾಕೆ ತಡವಾಗುತ್ತದೆಂದು ಕಂಡುಹಿಡಿಯಲು ಧಾರವಾಡದ ಲಾ ಕಾಲೇಜಿನಿಂದ ಅನಂತ ತಾಲೂಕಿನ ಊರಿಗೆ ಬಂದಿಳಿದ. ಅದು ೧೯೭೧ರ ಮಳೆಗಾಲ. ಬಗಲಲ್ಲಿ ನೂರು ಅಚ್ಚಾದ ನಮೂನೆಗಳು. ಪ್ರತಿಯೊಂದರ ಕೊನೆಗೆ 'ವಿಳಂಬಕ್ಕೆ ಕಾರಣ' ಎಂಬ ಕಾಲಮ್ಮು, ಅದಕ್ಕೆ ಮೂರೇ ಉತ್ತರ: ವಿಳಾಸ ತಪ್ಪು, ಮನೆಗೆ ಬೀಗ, ಪ್ರತಿವಾದಿ ತಲೆಮರೆಸಿಕೊಂಡಿದ್ದಾನೆ. ಲೋಕದಲ್ಲಿ ನಾಲ್ಕನೆಯ ಕಾರಣವೂ ಇರಬಹುದೆಂದು ಅವನ ಗುರುಗಳಿಗೆ ಹೊಳೆದಿರಲಿಲ್ಲ.

ತಾಲೂಕು ಕೋರ್ಟಿನ ಕಪಾಟಿನಲ್ಲಿ ಅವನಿಗೆ ಬಾಳಮ್ಮನ ದಾವೆ ಸಿಕ್ಕಿತು. ಬಾಳಮ್ಮ, ಕಸ್ತೂರೆವ್ವ ಇಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿದ್ದ ನೆಗೆಣ್ಣಿಯರು. ಇಬ್ಬರ ಗಂಡಂದಿರೂ ತೀರಿಕೊಂಡಿದ್ದರು. ಬಾಳಮ್ಮನ ಹೊಲಕ್ಕೆ ಬಂಡಿ ಹೋಗಬೇಕಾದರೆ ಕಸ್ತೂರೆವ್ವನ ಹೊಲ ಹಾಯಬೇಕು. ಆ ದಾರಿಗೆ ಕಸ್ತೂರೆವ್ವ ಜಾಲಿಮುಳ್ಳು ಹಚ್ಚಿದ್ದಳು. ಮೂರು ಸುಗ್ಗಿಯಿಂದ ಬಾಳಮ್ಮ ತನ್ನ ತೊಗರಿಯನ್ನು ಹಳ್ಳದ ಗುಂಟ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ದಾವೆ ಹೂಡಿ ಮೂರು ವರ್ಷವಾದರೂ ಕಸ್ತೂರೆವ್ವನಿಗೆ ಸಮನ್ಸೇ ಮುಟ್ಟಿರಲಿಲ್ಲ. ಆ ಕರೆಕಾಗದ ಕೈಸೇರದೆ ದಾವೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಅದನ್ನು ಮುಟ್ಟಿಸಬೇಕಾದ ಬೇಲೀಫ ಫಕೀರಸಾಬ ಎಂಟು ಸಲ ಹೋಗಿ ಎಂಟು ಸಲವೂ ಒಂದೇ ಷರಾ ಬರೆದಿದ್ದ: 'ಜಾರಿಯಾಗಿಲ್ಲ.' ನಡುವೆ ಒಮ್ಮೆ ಬೇರೆ ಬೇಲೀಫನನ್ನು ಕಳಿಸಿದರೆ ಅವನೂ ಅದನ್ನೇ ಬರೆದಿದ್ದ.

ಬಾಳಮ್ಮ ಕೋರ್ಟಿನ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. "ಈ ಸಲ ತೊಗರಿ ಚಲೋ ಎದ್ದೈತ್ರಿ. ನನ್ನ ಕುತಗಿ ಮಾತ್ರ ಇನ್ನ ಹೊರಂಗಿಲ್ಲ ಅಂತೈತಿ," ಅಂದಳು. ನಗುತ್ತಲೇ ಅಂದಳು, ಆದರೆ ಕುತ್ತಿಗೆ ಹಿಡಿದುಕೊಂಡು ಅಂದಳು. ಅನಂತನ ಮನಸ್ಸಿಗೆ ಕೆಡುಕೆನಿಸಿತು. ಮುಂದಿನ ಸಲ ಫಕೀರಸಾಬನ ಜೊತೆ ತಾನೂ ಹೊರಟ.

"ಫಕೀರಸಾಬ್ರ, ಆಕಿ ತಪ್ಪಿಸ್ಕೊಂಡು ಅಡ್ಡಾಡ್ತಾಳೇನ್ರಿ?" ಎಂದು ಬಸ್ಸಿನಲ್ಲಿ ಕೇಳಿದ.

"ಛೇ ಛೇ, ಮನ್ಯಾಗನ ಇರ್ತಾಳ್ರಿ. ಭಾಳ ಒಳ್ಳೆ ಹೆಣ್ಮಗಳು," ಎಂದ ಫಕೀರಸಾಬ, ಕಸ್ತೂರೆವ್ವನ ಊರಾದ ದೇವರ ಹಿಪ್ಪರಗಿ ಬರುವವರೆಗೂ ಕಿಟಕಿಯಿಂದ ಹೊರಗೇ ನೋಡುತ್ತ ಕೂತ.

ಅಂಗಳಕ್ಕೆ ಕಾಲಿಡುವುದೇ ತಡ, ಕಸ್ತೂರೆವ್ವ ಕಾಲಿಗೆ ನೀರು ಕೊಟ್ಟಳು. ನೀರಿನ ಹಿಂದೆ ಬೆಲ್ಲ, ಬೆಲ್ಲದ ಹಿಂದೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಬಿಸಲಾಗ ಬಂದೀರಿ. ಮೊದಲ ಉಣ್ರಿ." ಹೊರಗೆ ಉಣ್ಣುವುದಿಲ್ಲ ಎಂದು ಹೇಳಬೇಕೆಂದು ಅನಂತ ಬಾಯಿ ತೆರೆದ. ಮಡಿಯಲ್ಲಿ ಕೂತ ಅಜ್ಜಿ ರಂಗೂಬಾಯಿ ಕಣ್ಣ ಮುಂದೆ ಬಂದಳು. ಆದರೆ ಅಜ್ಜಿ ಇದ್ದದ್ದು ಧಾರವಾಡದಲ್ಲಿ, ಎಣ್ಣೆಗಾಯಿ ಇದ್ದದ್ದು ಎದುರಿಗೆ. ನಾಲ್ಕು ರೊಟ್ಟಿ ಇಳಿದವು.

ಕೈ ತೊಳೆದ ಫಕೀರಸಾಬ ಸಮನ್ಸಿದ್ದ ಚೀಲವನ್ನು ಹೆಗಲಿಗೇರಿಸಿ, "ಬರ್ತೇವ್ರಿ ಯವ್ವಾ," ಎಂದು ನಡೆದೇಬಿಟ್ಟ.

"ಕಾಗದ?" ಅನಂತ ಹಿಂದೆ ಓಡಿದ.

"ಉಂಡ ಮನಿ ಜಂತಿ ಎಣಿಸಬಾರದ್ರಿ. ಆಕಿ ರೊಟ್ಟಿ ಮುರದ ಕೈಲೆ ಆಕಿ ಮ್ಯಾಲಿನ ಕಾಗದ ಹೆಂಗ ಕೊಡ್ಲಿ? ಸುಳ್ಳಂತೂ ಬರಿಯಂಗಿಲ್ಲ ನಾ. 'ಜಾರಿಯಾಗಿಲ್ಲ.' ಖರೇ ಅಲ್ಲೇನ್ರಿ?"

"ಉಣ್ಣೂದಕ್ಕಿಂತ ಮೊದಲ ಕೊಡಬೇಕಿತ್ತು!"

"ನೀವರ ನೆನಪು ಮಾಡಬೇಕಿಲ್ಲೇನ್ರಿ," ಎಂದ ಫಕೀರಸಾಬ ಮೆಲ್ಲಗೆ. ಅನಂತ ಬಂದ ತೇಗನ್ನು ತಡೆದುಕೊಂಡ.

ನಾಚಿಕೆಯಿಂದಲೇ ಅವನು ಬಾಳಮ್ಮನಿಗೆ ನಡೆದದ್ದನ್ನು ಹೇಳಿದ. ಬೈದಾಳು ಎಂದುಕೊಂಡಿದ್ದರೆ ಅವಳು ಕೇಳಿದ್ದು ಬೇರೆಯೇ. "ಎಣ್ಣಿಗಾಯಿ ಮಾಡಿದ್ಲೇನ್ರಿ?"

ಅವನು ತಲೆಯಾಡಿಸಿದ.

"ಅಕ್ಕನ ಕೈರುಚಿ ಬ್ಯಾರೇನ ಬಿಡ್ರಿ. ದಾವೆ ಹಾಕಿದಾಗಿಂದ ನಾ ಆ ಮನಿ ನೀರೂ ಮುಟ್ಟಿಲ್ಲ. ಉಂಡು ಕೋರ್ಟ್ ಮೆಟ್ಟಲ ಹೆಂಗ ಹತ್ಲಿ?" ಆಮೇಲೆ ಬೆರಳು ಮಡಚಿ ಏನನ್ನೋ ಎಣಿಸಿ ಕೇಳಿದಳು: "ರಮಜಾನ ಯಾವಾಗ್ರಿ?"

ಕಾನೂನು ಓದಿದ ತಲೆಗೆ ಹೊಳೆಯದ್ದು ತೊಗರಿ ಹೊತ್ತ ತಲೆಗೆ ಹೊಳೆದಿತ್ತು. ವಕೀಲರ ಬೆನ್ನು ಹತ್ತಿ ಬಾಳಮ್ಮ ಹೊಸ ಸಮನ್ಸನ್ನು ರೋಜೆಯ ತಿಂಗಳಲ್ಲೇ ಹೊರಡಿಸಿದಳು. ಅನಂತ ತನ್ನ ಮೇಲೆ ತನಗೇ ನಂಬಿಕೆ ಸಾಲದೆ ಏಕಾದಶಿ ನೋಡಿ ಹೊರಟ.

ಕಾಲಿಗೆ ನೀರು ಬಂತು. ರೊಟ್ಟಿಯ ಬುಟ್ಟಿಯೂ ಬಂತು.

"ರೋಜಾ ಐತ್ರಿ ಯವ್ವಾ," ಎಂದ ಫಕೀರಸಾಬ.

"ನಂದು ಏಕಾದಶಿ ಅದರಿ," ಎಂದ ಅನಂತ, ಬುಟ್ಟಿಯ ಕಡೆ ನೋಡದೆ.

ಫಕೀರಸಾಬ ಕಣ್ಣು ಮುಚ್ಚಿ ಕಾಗದ ಚಾಚಿದ. "ಸಮನ್ಸ್ರಿ. ಬಾಳಮ್ಮ ದಾವೆ ಹಾಕ್ಯಾಳ."

"ಅದು ಊರಿಗೆಲ್ಲ ಗೊತ್ತೈತಿ," ಕಸ್ತೂರೆವ್ವ ಸಿಡುಕಿದಳು. "ನನ್ನ ಯಾಕ ಕರೀವಲ್ರು ಅಂತ ಮೂರು ವರ್ಷದಿಂದ ಕಾಯಾಕತ್ತೇನಿ! ಆಕಿ ಬಂಡಿ ಎತ್ತು ನನ್ನ ಜ್ವಾಳ ಮೇದದ್ದು ಸಾಹೇಬ್ರಿಗೆ ಯಾರು ಹೇಳಬೇಕು?"

"ಮತ್ತ ನಾ ಬಂದಾಗ ಒಮ್ಮೆರ ಕೇಳಬೇಕಿಲ್ಲೇನ್ರಿ?"

"ಉಣ್ಣಾಕ ಕುಂತವ್ರಿಗೆ ಯಾಕ ಬಂದ್ರಿ ಅಂತ ಕೇಳ್ತಾರೇನೋ, ಹುಚ್ಚಪ್ಪಾ?"

ಹೆಬ್ಬೆಟ್ಟು ಒತ್ತಿದಳು. ಹೊರಟಾಗ ರೊಟ್ಟಿಯನ್ನು ಗಂಟು ಕಟ್ಟಿ ಫಕೀರಸಾಬನ ಚೀಲಕ್ಕೆ ತುರುಕಿದಳು. "ಹೊತ್ತು ಮುಳುಗಿದ ಮ್ಯಾಲ ಉಣ್ಣು."

ಮೂರು ವರ್ಷ ಮಿಸುಕದ ದಾವೆ ಎರಡೇ ತಾರೀಖಿಗೆ ರಾಜಿಯಾಯಿತು. ಕಸ್ತೂರೆವ್ವನ ಮಾತನ್ನು ಮುನ್ಸಿಫರು ಪೂರ್ತಿ ಕೇಳಿದರು. ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಬದುವಿನ ಗುಂಟ ಒಂದು ಬಂಡಿಯಷ್ಟು ದಾರಿ ಬಿಡಬೇಕು, ಬಾಳಮ್ಮ ಎತ್ತುಗಳ ಬಾಯಿ ಕಟ್ಟಿಯೇ ಹಾಯಬೇಕು ಎಂದಾಯಿತು. ಅನಂತ ತನ್ನ ನಮೂನೆಯಲ್ಲಿ ನಾಲ್ಕನೆಯ ಕಾರಣವನ್ನು ಕೈಯಿಂದ ಬರೆದ: 'ಊಟ.' ಗುರುಗಳು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದರಂತೆ.

ತೊಗರಿ ಬಂಡಿ ಮೊದಲ ಸಲ ಹಾದ ದಿನ ಅನಂತನೂ ಹೋಗಿದ್ದ. ಮುಳ್ಳು ತೆಗೆದ ಕಂಡಿಯಲ್ಲಿ ಕಸ್ತೂರೆವ್ವ ನಿಂತಿದ್ದಳು. ಎತ್ತುಗಳ ಮೂತಿ ಮುಟ್ಟಿ ನೋಡಿದಳು, ಆಮೇಲೆ ಬಾಳಮ್ಮನನ್ನು ನೋಡಿದಳು.

"ಎತ್ತಿನ ಬಾಯಿ ಕಟ್ಟೀದಿ, ಚಲೋ ಆತು. ನಿನ್ನ ಬಾಯಿ ಯಾವಾಗ ಬಿಚ್ಚಾಕಿ? ಕೇಸು ಮುಗೀತಲ್ಲ. ಇಳಿ, ಉಣ್ಣು."

ಬಾಳಮ್ಮ ಇಳಿದಳು. ಬದುವಿನ ಮೇಲೆ ಕೂತು, ರೊಟ್ಟಿ ಮುರಿದು, ಎಣ್ಣೆಗಾಯಿಯ ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ಉಪ್ಪು ಕಡಿಮಿ ಆಗೇತಿ, ಅಕ್ಕಾ," ಅಂದಳು. ಅಂದು, ಇನ್ನೊಂದು ರೊಟ್ಟಿಗೆ ಕೈಯೊಡ್ಡಿದಳು.