ಹದಿನೈದನೆಯವಳು

ತೀರಿಕೊಂಡ ತಾಯಿಯ ಕೊರಳಿನಿಂದ ಕಾಲೇಜಿನ ಗುರುತಿನ ಚೀಟಿ ಬಿಚ್ಚಲು ಹೋದಾಗ ದಾರದ ಗಂಟು ಬಿಗಿದುಕೊಂಡಿತು. ಮಗಳು ಹಲ್ಲಿನಿಂದ ಕಚ್ಚಿ ಎಳೆದರೂ ಬಿಡಲಿಲ್ಲ.

"ಇರಲಿ ಬಿಡಿ ಅಕ್ಕಾ," ಎಂದಳು ಪಕ್ಕದಲ್ಲಿದ್ದ ಹಾಸ್ಟೆಲ್ಲಿನ ಹುಡುಗಿ. "ಅಜ್ಜಿ ಅದನ್ನ ಸ್ನಾನಕ್ಕೆ ಹೋಗುವಾಗಲೂ ತೆಗೀತಿರಲಿಲ್ಲ. ಸೋಪು ಹತ್ತಿ ಫೋಟೋನೇ ಅಳಿಸಿಹೋಗಿದೆ ನೋಡಿ."

ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳು.

ಬಾಗಿಲ ಹೊರಗೆ ಕಾಲೇಜಿನ ಮೇಷ್ಟರು ನಿಂತಿದ್ದರು. ಹೇಳಬೇಕಾದ್ದನ್ನು ನಾಲ್ಕು ಸಲ ನುಂಗಿ ಕೊನೆಗೆ ಹೇಳಿದರು. ಬುಡಕಟ್ಟು ಜನರ ಯೋಜನೆಗಳ ನಿರ್ವಹಣೆ ಕಲಿಸುವ ಪದವಿಗೆ ಮೂರೂ ವರ್ಷ ಸೇರಿ ಹದಿನೈದು ವಿದ್ಯಾರ್ಥಿಗಳಿದ್ದರೆ ಮಾತ್ರ ಸರ್ಕಾರದ ಅನುದಾನ. ಪ್ರವೇಶಕ್ಕೆ ಇವತ್ತೇ ಕೊನೆಯ ದಿನ. ತಲೆ ಎಣಿಸಲು ಬಂದ ಅಧಿಕಾರಿ ಐದು ಗಂಟೆಗೆ ಹೊರಡುತ್ತಾರೆ. ಸಾವಿನ ಮನೆ, ಒಂದು ದಿನ ಕೊಡಿ ಎಂದು ಬೇಡಿಕೊಂಡರೆ, ಅವರು ಪಟ್ಟಿ ತೆಗೆದು ಅಜ್ಜಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದರಂತೆ.

"ಈಗ ಹದಿನಾಲ್ಕು," ಎಂದರು ಮೇಷ್ಟರು.

ಮಗಳು ಒಳಗೆ ಹೋದಳು. ತನ್ನ ಹಳೆಯ ಪೆಟ್ಟಿಗೆ ತೆರೆದಳು.

*

ಎರಡು ವರ್ಷದ ಹಿಂದೆಯೂ ಹದಿನಾಲ್ಕೇ ಇತ್ತು. ತಾಯಿ ಆಗ ಹಾಸ್ಟೆಲ್ಲಿನ ಅಡುಗೆಯವಳು. ಕಾಡಂಚಿನಿಂದ ಬಂದ ತನ್ನ ಜನರ ಮಕ್ಕಳಿಗೆ ಬಡಿಸುತ್ತ, ಅವರಿಂದಲೇ ಪಾಠ ಹೇಳಿಸಿಕೊಂಡು ಹನ್ನೆರಡನೆಯ ತರಗತಿ ಪಾಸು ಮಾಡಿಕೊಂಡಿದ್ದಳು. ಕೋರ್ಸು ಮುಚ್ಚುತ್ತಾರೆಂದು ಕೇಳಿದವಳೇ ಒಲೆ ಆರಿಸಿ, ಒದ್ದೆ ಕೈಯಲ್ಲೇ ಆಫೀಸಿಗೆ ನಡೆದಳು.

ಅದೇ ಅಧಿಕಾರಿ ನಕ್ಕಿದ್ದರು. "ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀರಜ್ಜಿ?"

"ನಮ್ಮ ಜನಕ್ಕೆ ಏನು ಬೇಕು ಅಂತ ಇಷ್ಟು ದಿನ ನೀವು ಬರೀತಿದ್ರಿ ಸ್ವಾಮಿ. ಇನ್ಮೇಲೆ ನಾವೇ ಬರೀತೀವಿ. ಅದನ್ನ ಕಲಿಯೋಕೆ."

ಮನೆಯಲ್ಲಿ ಮಗಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಬೈದಿದ್ದಳು. ಬೀದಿಯವರೆಲ್ಲ ನಗುತ್ತಾರೆ, ನನಗೆ ತಲೆ ಎತ್ತಿ ಓಡಾಡಲು ಆಗುವುದಿಲ್ಲ ಎಂದಿದ್ದಳು.

"ನಗಲಿ," ಎಂದಿದ್ದಳು ತಾಯಿ, ಹೊಸ ಪುಸ್ತಕಕ್ಕೆ ರಟ್ಟು ಹಾಕುತ್ತ. "ಬೆಂಚು ಖಾಲಿ ಬಿಟ್ರೆ ಎತ್ಕೊಂಡು ಹೋಗ್ತಾರೆ ಕಣೆ."

*

ಗುರುತಿನ ಚೀಟಿಯ ಸಮೇತ ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೆ ನಾಲ್ಕೂವರೆಯಾಗಿತ್ತು. ಮಣ್ಣಿನ ಕೈ ತೊಳೆದು ಮನೆಗೆ ನಡಿ ಎಂದು ಸೋದರಮಾವ ನೀರಿನ ಕೊಡ ಎತ್ತಿದರು.

"ಮನೆಗಲ್ಲ ಮಾವ," ಎಂದು ಅವಳು ಕಾಲೇಜಿನ ದಾರಿ ಹಿಡಿದಳು. ಮಣ್ಣಿಗೆ ಬಂದಿದ್ದ ಹದಿನಾಲ್ಕು ವಿದ್ಯಾರ್ಥಿಗಳೂ ಹಿಂದೆ ನಡೆದರು.

ಅಧಿಕಾರಿ ಚೀಲದ ಬಾಯಿ ಮುಚ್ಚುತ್ತಿದ್ದರು. ಅವಳು ಸೊಂಟದಿಂದ ತನ್ನ ಹನ್ನೆರಡನೆಯ ತರಗತಿಯ ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅವರು ಅದನ್ನು ಎರಡು ಸಲ ಓದಿದರು, ತಪ್ಪು ಸಿಗಲಿಲ್ಲ.

"ಕೈಯಾದ್ರೂ ತೊಳ್ಕೊಂಡು ಬರಬಾರದಿತ್ತೇನಮ್ಮ?"

"ತೊಳ್ಕೊಂಡು ಬರೋಷ್ಟರಲ್ಲಿ ನಿಮ್ಮ ಗಡಿಯಾರ ಐದು ಹೊಡೀತಿತ್ತು. ಬರ್ಕೊಳ್ಳಿ ಸಾರ್, ಹದಿನೈದು."

ಪಟ್ಟಿಯಲ್ಲಿ ತಾಯಿಯ ಹೆಸರಿನ ಕೆಳಗೇ ಜಾಗವಿತ್ತು. ಅವಳು ಹಾಳೆಯನ್ನು ಅಂಗೈಯಿಂದ ಒತ್ತಿ ಹಿಡಿದು ಸಹಿ ಮಾಡಿದಳು. ಹಾಳೆಗೆ ಅಂಟಿದ ಮಣ್ಣನ್ನು ಅಧಿಕಾರಿ ಊದಿದರು. ಆಮೇಲೆ ಕರವಸ್ತ್ರ ತೆಗೆದು ಉಜ್ಜಿದರು. ಹಸಿ ಮಣ್ಣು ಹೋಗಲಿಲ್ಲ. ಹರಡುತ್ತ ಮೇಲೇರಿ ಕೆಂಪು ಗೆರೆಯನ್ನು ಮುಚ್ಚಿತು.