ಮೂಗಿನ ಹೊಲಿಗೆ

ಡಟನ್ನನ ಕೈಯಿಂದ ಹೆಸ್ಟರ್ ದಬ್ಬಳವನ್ನು ಕಿತ್ತುಕೊಂಡಳು. ಮೇಣ ಹಚ್ಚಿದ ದಾರ ಅದರ ಹಿಂದೆಯೇ ಶವಪೆಟ್ಟಿಗೆಯ ಅಂಚಿನ ಮೇಲಿಂದ ಜಾರಿಬಂತು.

"ಮುಖಕ್ಕೆ ಮಾತ್ರ ಬೇಡ," ಎಂದಳು. "ಎದೆವರೆಗೆ ಹೊಲಿದೆಯಲ್ಲ, ಸಾಕು."

"ಕೊಡು ತಾಯಿ. ಹೊಲಿಗೆ ಅರ್ಧಕ್ಕೆ ನಿಲ್ಲಿಸಬಾರದು."

"ಅಂಗಿ ಹೊಲಿದು ಹೊಟ್ಟೆ ಹೊರೆದವಳು ನಾನು. ನನಗೇ ಹೊಲಿಗೆ ಹೇಳಿಕೊಡ್ತೀಯಾ?"

ಡಟನ್ ಬರಿದಾದ ಕೈಯನ್ನು ಷರಾಯಿಗೆ ಒರೆಸಿಕೊಂಡ. ಪೆಟ್ಟಿಗೆ ಅವನೇ ಮಾಡಿದ್ದು. ಹಡಗಿನ ಬಡಗಿಯಾಗಿದ್ದವನು. ಅಲ್ಲಿ ಅವನನ್ನು ಯಾರೂ ಡಟನ್ ಎಂದು ಕರೆಯುತ್ತಿರಲಿಲ್ಲ, ಚಕ್ಕೆ ಎನ್ನುತ್ತಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದ ಜೇಬೆಜ್ ಟಾಲಿ ಹಡಗಿನ ಹಾಯಿಗಳನ್ನು ಹೊಲಿಯುತ್ತಿದ್ದವನು. ಅವನ ಹೆಸರು ಬರೀ ಹಾಯಿ. ಮೂವತ್ತು ವರ್ಷ ಆ ಹೆಸರಿಗೇ ಓಗೊಟ್ಟವನು, ಯುದ್ಧ ಮುಗಿದು ಪೋರ್ಟ್ಸ್‌ಮತ್ತಿನ ಈ ಓಣಿಗೆ ಬಂದ ಮೇಲೆ ಹೆಂಡತಿ ಹೆಸ್ಟರ್ ‘ಜೇಬೆಜ್’ ಎಂದು ಕೂಗಿದರೆ ಒಂದು ಗಳಿಗೆ ಬೇರೆ ಯಾರನ್ನೋ ಕರೆದಳೆಂಬಂತೆ ನೋಡುತ್ತಿದ್ದ.

"ನಿನ್ನ ಎದುರಿಗೇ ಹೇಳಿದ್ದಲ್ವಾ ಅವನು?" ಡಟನ್ ಮೆಲ್ಲಗೆ ಹೇಳಿದ. "ಗುರುವಾರ. ನಿನ್ನ ಕೈ ಹಿಡ್ಕೊಂಡೇ ಹೇಳಿದ. ನನ್ನನ್ನು ಹಾಯಿಬಟ್ಟೇಲಿ ಹೊಲೀರಿ, ಕೊನೇ ಹೊಲಿಗೆ ಮೂಗಿಗೇ ಹಾಕಿ, ಬಿಡಬೇಡಿ ಅಂತ."

"ಜ್ವರದಲ್ಲಿ ಏನೇನೋ ಹೇಳಿದ. ಕುದುರೆ ಬಂತು ಅಂದ. ಕುದುರೆ ತರಿಸಲೇ?"

ತಟ್ಟೆಗಳನ್ನು ಒರೆಸುತ್ತಿದ್ದ ಪಕ್ಕದ ಮನೆಯ ಡಾರ್ಕಸ್ ನಡುವೆ ಬಾಯಿ ಹಾಕಿದಳು. "ಕ್ರೈಸ್ತರ ಮನೇಲಿ ಹೆಣದ ಮೂಗು ಚುಚ್ಚೋದು ಅಂದ್ರೇನು! ಪಾದ್ರಿಗೆ ಗೊತ್ತಾದ್ರೆ ಗೋರಿಗೆ ಜಾಗವನ್ನೇ ಕೊಡಲ್ಲ. ಹಂದಿ ಮೂಗಿಗೆ ಬಳೆ ಹಾಕ್ತಾರಪ್ಪ, ಮನುಷ್ಯರಿಗೆ ಹಾಕ್ತಾರಾ?"

"ಸಮುದ್ರದಲ್ಲಿ ಎಲ್ಲರಿಗೂ ಹಾಕ್ತೀವಿ," ಎಂದ ಡಟನ್. "ಸತ್ತೋನು ಹಡಗಿನ ಹಿಂದೆ ಬರದೇ ಇರ್ಲಿ ಅಂತ."

"ಬರಲಿ ಬಿಡು," ಎಂದಳು ಹೆಸ್ಟರ್. "ಇವನು ಬಂದರೆ ನಾನೇನು ಬಾಗಿಲು ಹಾಕ್ಕೋತೀನಾ?"

ಅವಳು ದಬ್ಬಳವನ್ನು ಮುಂದುಡುಗೆಯ ಜೇಬಿಗೆ ಹಾಕಿಕೊಂಡಳು. ಜೇಬೆಜನ ಮುಖ ತಣ್ಣಗೆ, ಚೊಕ್ಕಟವಾಗಿ ಇತ್ತು. ಬೆಳಿಗ್ಗೆ ಅವಳೇ ಕ್ಷೌರ ಮಾಡಿದ್ದಳು. ತಮ್ಮನ ಮುಖಕ್ಕೆ ಸೂಜಿ ತಾಗಿಸುವುದಿಲ್ಲ ಎಂದು ಇವನೇ ಒಮ್ಮೆ ತನಗೆ ಮಾತು ಕೊಟ್ಟು ಅದನ್ನು ಉಳಿಸಿಕೊಂಡವನು. ಅಂಥವನ ಮುಖಕ್ಕೆ ಈಗ ತಾನು ಸೂಜಿ ಬೀಳಲು ಬಿಡುವುದೇ?

* * *

ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಹಡಗು ಹೊರಡುವ ಹಿಂದಿನ ದಿನ, ಹೆಂಡಿರು ಮಕ್ಕಳೆಲ್ಲ ದೋಣಿ ಮಾಡಿಕೊಂಡು ಹಡಗಿಗೆ ಹೋಗಿದ್ದರು. ಕೆಳಗಿನ ಅಂತಸ್ತಿನಲ್ಲಿ ತೋಪುಗಳ ನಡುವೆ ಕೂತು ಹೆಂಗಸರು ಒಬ್ಬರಿಗೊಬ್ಬರು ಕತೆ ಹೇಳುತ್ತಿದ್ದರು: ಸತ್ತವರನ್ನು ಅವರು ಮಲಗುವ ಜೋಲಿಯಲ್ಲೇ ಸುತ್ತುತ್ತಾರಂತೆ, ಮುಳುಗಲೆಂದು ಕಾಲ ಬಳಿ ಎರಡು ತೋಪಿನ ಗುಂಡು ಇಡುತ್ತಾರಂತೆ, ಕೊನೆಗೆ ಮೂಗಿನ ಎಲುಬಿನಲ್ಲಿ ದಬ್ಬಳ ಹಾಯಿಸುತ್ತಾರಂತೆ. ಹಾಗೆ ಹೊಲಿಯುವವನು ತನ್ನ ಗಂಡನೇ ಎನ್ನುವುದು ಹೆಸ್ಟರಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವನ ಬೆರಳುಗಳನ್ನು ನೋಡಿದಳು. ಪಕ್ಕದಲ್ಲೇ ತಮ್ಮ ರೂಬೆನ್ ಕೂತಿದ್ದ. ತಾಯಿ ಸತ್ತ ಮೇಲೆ ಅವಳೇ ಉಣ್ಣಿಸಿ ಬೆಳೆಸಿದವನು. ಇಪ್ಪತ್ತೆರಡು ತುಂಬಿ, ಭಾವ ಇರುವ ಹಡಗೇ ಬೇಕೆಂದು ಹಟ ಹಿಡಿದು ಸೇರಿದ್ದ.

"ಆಣೆ ಮಾಡು," ಎಂದಳು ಗಂಡನಿಗೆ. "ಇವನಿಗೆ ಏನಾದರೂ ಆದರೆ ಇವನ ಮುಖಕ್ಕೆ ಸೂಜಿ ತಾಗಿಸಲ್ಲ ಅಂತ ಆಣೆ ಮಾಡು."

"ಹೊರಡೋ ಮುಂಚೇನೇ ಕೊಂದುಬಿಟ್ಟೆಯಲ್ಲೇ ಅವನನ್ನ!"

"ನನ್ನ ಮೂಗು ನೋಡಿದ್ರೆ ಭಾವನಿಗೆ ಹೊಟ್ಟೆಕಿಚ್ಚು ಅಕ್ಕ," ಎಂದ ರೂಬೆನ್. "ತನ್ನದು ಆಲೂಗಡ್ಡೆ ತರಹ ಇದೆಯಲ್ಲ. ಸಿಕ್ಕಿದ್ದೇ ಸಮಯ ಅಂತ ಕೆಡಿಸಿಬಿಡ್ತಾನೆ."

ಅವಳು ನಗಲಿಲ್ಲ. ಜೇಬೆಜ್ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಹಡಗು ಬರುವ ಹೊತ್ತಿಗೆ ಮಾಗಿ ಕಳೆದಿತ್ತು. ಜೇಬೆಜ್ ಒಬ್ಬನೇ ಮೆಟ್ಟಿಲು ಹತ್ತಿ ಬಂದು ನಿಂತ. ಅವನೇ ಹೇಳಿದ: "ಫ್ರೆಂಚರ ಜೊತೆ ಕಾಳಗವಾಯಿತು. ಗುಂಡು ಬಂದಿದ್ದೇ ಗೊತ್ತಾಗಲಿಲ್ಲ ಅವನಿಗೆ. ಮುಖ ಹಾಗೇ ಇತ್ತು. ನಿನ್ನ ಮಾತು ಉಳಿಸಿದೆ." ಅವಳು ಅವನ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಮುಂದೆ ಎಷ್ಟೋ ವರ್ಷ, ತಮ್ಮ ನೆನಪಾದಾಗಲೆಲ್ಲ, ಹಸಿರು ನೀರಿನ ತಳದಲ್ಲಿ ಗಾಯವಿಲ್ಲದ ಮುಖ ಹೊತ್ತು ಮಲಗಿರುವ ರೂಬೆನ್ ಅವಳಿಗೆ ಕಾಣುತ್ತಿದ್ದ. ಅಜ್ಜಿಕತೆಯ ರಾಜಕುಮಾರನ ಹಾಗೆ, ಮೀನುಗಳು ಅವನ ಕೂದಲು ಬಾಚುತ್ತಿದ್ದವು.

* * *

ಹನ್ನೊಂದು ಗಂಟೆಗೆ ಓಬೆಡ್ ಕ್ರಿಸ್ಪ್ ಬಂದ. ಅವನು ಬರುವುದು ಓಣಿಯ ತುದಿಯಿಂದಲೇ ಕೇಳಿಸಿತು. ಇಪ್ಪತ್ತು ವರ್ಷ ತೋಪಿನ ಬುಡದಲ್ಲಿ ನಿಂತು ಎರಡೂ ಕಿವಿ ಕಳೆದುಕೊಂಡಿದ್ದ ಮುದುಕ. ಹಡಗಿನಲ್ಲಿ ಅವನ ಹೆಸರು ಮದ್ದು.

"ಎಲ್ಲಿ ನಮ್ಮ ಹಾಯಿ?" ಎಂದು ಗುಡುಗುತ್ತ ಒಳಗೆ ಬಂದವನು ಪೆಟ್ಟಿಗೆ ಕಂಡೊಡನೆ ಟೋಪಿ ತೆಗೆದ. ಬಗ್ಗಿ ಹಣೆ ಮುಟ್ಟಿದ. ಆಮೇಲೆ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ ಮುಖ ಸಿಂಡರಿಸಿದ. "ಯಾವನೋ ಹೊಲಿದವನು? ಹಾಯಿ ನೋಡಿದ್ರೆ ಎದ್ದು ಬಂದು ಬಿಚ್ಚಿ ಹೊಲೀತಿದ್ದ."

"ನಾನು," ಎಂದ ಡಟನ್.

"ಹಾಂ?"

"ನಾನು, ನಾನು!"

"ಅದಕ್ಕೇ!"

ಡಾರ್ಕಸ್ ನಕ್ಕುಬಿಟ್ಟು ಬಾಯಿ ಮುಚ್ಚಿಕೊಂಡಳು. ಹೆಸ್ಟರ್ ಕೂಡ ಅಂದು ಮೊದಲ ಸಲ ತುಸು ನಕ್ಕಳು. ಮುದುಕನಿಗೆ ಹಂದಿಮಾಂಸದ ತುಂಡುಗಳನ್ನೂ ಒಂದು ಲೋಟ ಬಿಯರನ್ನೂ ಕೊಟ್ಟು, ಮೆತ್ತೆಯನ್ನು ಬೆನ್ನಿಗಿಟ್ಟಳು. ಮೆತ್ತೆಯ ಮೂಲೆಯಿಂದ ಎರಡು ಗರಿ ಹಾರಿದವು.

"ಜೇಬೆಜನದೇ ಕೆಲಸ," ಎಂದಳು ಡಾರ್ಕಸಳಿಗೆ. "ಮೆತ್ತೆ ಆಗಲಿ, ಹಿಟ್ಟಿನ ಚೀಲ ಆಗಲಿ, ಒಂದನ್ನೂ ಪೂರಾ ಮುಚ್ಚಿ ಹೊಲಿಯುತ್ತಿರಲಿಲ್ಲ. ಎರಡು ಬೆರಳು ಹೋಗುವಷ್ಟು ಬಾಯಿ ಬಿಡೋದು. ಅಷ್ಟು ದೊಡ್ಡ ಹಾಯಿಗಳನ್ನು ಹೊಲಿದವನಿಗೆ ಒಂದು ಮೆತ್ತೆ ಮುಚ್ಚೋಕೆ ಬರಲ್ವಾ ಅಂತ ನಾನು ಬೈದಿದ್ದೇ ಬೈದಿದ್ದು."

ಅವಳು ಚರ್ಚಿಗೆ ಹೋಗಲೆಂದು ಕಪ್ಪು ಶಾಲನ್ನು ತೆಗೆಯಲು ಕೋಣೆಯ ಇನ್ನೊಂದು ತುದಿಗೆ ಹೋದಳು. ಓಬೆಡ್ ಡಟನ್ನನ ಕಡೆಗೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ. ಅದು ಮನೆಯಲ್ಲೆಲ್ಲ ಮೊಳಗಿತು.

"ಮೂಗಿನದು ಯಾಕೋ ಬಿಟ್ಟಿದೀಯ ಚಕ್ಕೆ? ಮತ್ತೆ ಅದೇ ತಪ್ಪು ಮಾಡ್ತೀಯಾ? ಅವನ ಬಾಮೈದನ ಕತೆ ಮರೆತುಹೋಯ್ತಾ?"

ಡಟನ್ ಅವನ ತೊಡೆಯನ್ನು ಬಲವಾಗಿ ಹಿಡಿದ.

"ಯಾಕೋ ಚಿವುಟ್ತೀಯ? ಮೆಲ್ಲಗೇ ಹೇಳ್ತಿದೀನಲ್ಲ. ಸತ್ತೋರನ್ನ ನೀರಿಗೆ ಜಾರಿಸೋ ಹಲಗೆ ಎತ್ತಿದವರು ನಾನೂ ನೀನೂ. ಹುಡುಗನ ಮೈಮೇಲೆ ಒಂದು ಗೀರೂ ಇರಲಿಲ್ಲ. ಗುಂಡು ಪಕ್ಕದಲ್ಲಿ ಹೋದ ಗಾಳಿಗೇ ಸತ್ತ ಅಂದ್ರು. ವೈದ್ಯ ಕೆಳಗೆ ಯಾರದೋ ಕಾಲು ಕೊಯ್ತಿದ್ದ, ಮೇಲೆ ಬಂದು ನೋಡ್ಲಿಲ್ಲ. ಅಕ್ಕನಿಗೆ ಮಾತು ಕೊಟ್ಟಿದೀನಿ ಅಂತ ಹಾಯಿ ಮೂಗಿಗೆ ಚುಚ್ಚದೇ ಹೊಲಿದುಬಿಟ್ಟ. ಹಲಗೆಯಿಂದ ಜಾರಿಸಿದ್ವಾ, ಬಟ್ಟೆಯೊಳಗೆ ಮೊಣಕಾಲು ಮಡಚ್ತು. ಒದ್ದ ಹಾಗೆ. ಚುಚ್ಚಿದ್ರೆ ಎದ್ದು ಕೂತಿರೋನು, ಪಾಪದ್ದು! ಅದಕ್ಕೇ ಇರೋದು ಆ ಹೊಲಿಗೆ."

ಡಾರ್ಕಸಳ ಕೈಯಿಂದ ತಟ್ಟೆ ಬಿತ್ತು. ತಟ್ಟೆ ಒಡೆದ ಸದ್ದೂ ಓಬೆಡನಿಗೆ ಕೇಳಿಸಲಿಲ್ಲ. ಆದರೆ ಡಟನ್ನನ ಮುಖ ನೋಡಿ, ಅವನು ನೋಡುತ್ತಿದ್ದ ಕಡೆಗೆ ತಿರುಗಿ, ಶಾಲನ್ನು ಅರ್ಧ ಹೊದ್ದು ನಿಂತಿದ್ದ ಹೆಸ್ಟರಳನ್ನು ಕಂಡ.

"ಕೇಳಿಸ್ತಾ ಅವಳಿಗೆ?" ಎಂದ, ಅಷ್ಟೇ ಜೋರಾಗಿ.

ಹೆಸ್ಟರ್ ಬಂದು ಡಟನ್ನನ ಎದುರಿಗೆ ನಿಂತಳು.

"ಹೌದಾ?"

"ಹಡಗು ಹೊಯ್ದಾಡ್ತಿತ್ತು ತಾಯಿ. ಕಾಲ ಬಳಿ ಗುಂಡು ಇರ್ತಾವಲ್ಲ, ಅವು ಜಾರಿದ್ರೂ ಬಟ್ಟೆ ಹಾಗೆ ಆಡ್ತದೆ."

"ನೀನು ಹಾಗೆ ನಂಬ್ತೀಯಾ?"

ಡಟನ್ ಬಗ್ಗಿ ಒಡೆದ ತಟ್ಟೆಯ ಚೂರೊಂದನ್ನು ಹೆಕ್ಕಿದ.

"ಅವನು ನೋಡಿದನಾ?" ಅವಳ ಬೆರಳು ಪೆಟ್ಟಿಗೆಯ ಕಡೆಗೆ ಹೋಯಿತು.

"ನೋಡಿದ. ನೀರಿಗೆ ಹಾರೋಕೆ ಓಡಿದ. ನಾಲ್ಕು ಜನ ಹಿಡ್ಕೊಂಡ್ವಿ. ಅಷ್ಟರಲ್ಲಿ ಕೆಳಗೆ ಏನೂ ಕಾಣ್ತಿರಲಿಲ್ಲ."

"ಇಪ್ಪತ್ತೆರಡು ವರ್ಷ! ಒಂದು ದಿನ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ, ಆ ಹೊಲಿಗೆ ಬೇಡ ಅಂದವರು ಯಾರು ಅಂತ ನಿನಗೇ ನೆನಪಾಗ್ತಿತ್ತಲ್ಲ ತಾಯಿ." ಡಟನ್ ಓಬೆಡನ ಕಡೆ ಕೈ ತೋರಿದ. "ನಮ್ಮಿಬ್ಬರ ಹತ್ರ ಬೈಬಲ್ ಮುಟ್ಟಿಸಿ ಮಾತು ತಗೊಂಡ. ಆಮೇಲೆ ಅವನು ಹೊಲಿದ ಹೆಣಗಳಿಗೆಲ್ಲ ಎರಡೆರಡು ಸಲ ಚುಚ್ಚುತ್ತಿದ್ದ. ಚುಚ್ಚಿ ಕಾಯೋನು. ಕ್ಯಾಪ್ಟನ್ ಪ್ರಾರ್ಥನೆ ಪುಸ್ತಕ ಹಿಡ್ಕೊಂಡು ನಿಂತಿದ್ರೂ ಕಾಯೋನು."

ಡಾರ್ಕಸ್ ಅಳುತ್ತಿದ್ದಳು. ಹೆಸ್ಟರಳಿಗೆ ಅಳು ಬರಲಿಲ್ಲ. ಹಸಿರು ನೀರು, ಮೀನುಗಳು, ಬಾಚಿದ ಕೂದಲು ಎಲ್ಲ ಎಲ್ಲಿಗೋ ಹೋಗಿದ್ದವು. ಒಳಗಿನಿಂದ ಒದೆಯುತ್ತಿದ್ದ ಒಂದು ಬಟ್ಟೆ ಮಾತ್ರ ಇತ್ತು. ಅದರಲ್ಲಿ ಎರಡು ಬೆರಳು ತೂರುವಷ್ಟೂ ಬಾಯಿ ಇರಲಿಲ್ಲ.

ಅವಳು ಶಾಲನ್ನು ಕುರ್ಚಿಯ ಮೇಲೆ ಹಾಕಿ ಜೇಬಿಗೆ ಕೈ ಹಾಕಿದಳು.

"ನಾನು ಮಾಡ್ತೀನಿ ಬಿಡು," ಎಂದ ಡಟನ್, ಏಳುತ್ತ.

"ಕೂತ್ಕೋ."

ಬಟ್ಟೆಯ ಎರಡೂ ಅಂಚುಗಳನ್ನು ಕುತ್ತಿಗೆಯವರೆಗೆ, ಗಲ್ಲದವರೆಗೆ ಎಳೆದು ಹೊಲಿದಳು. ಹೊಲಿಗೆ ಸಣ್ಣದು, ನೇರ. ಓಬೆಡ್ ಕೂಡ ಕತ್ತು ಚಾಚಿ ನೋಡಿ ತಲೆದೂಗಿದ. ಆಮೇಲೆ ಆಲೂಗಡ್ಡೆಯಂಥ ಆ ಮೂಗನ್ನು ಎಡಗೈಯಲ್ಲಿ ಹಿಡಿದಳು. ದಬ್ಬಳ ಸುಲಭವಾಗಿ ಹೋಗಲಿಲ್ಲ. ಅಂಗೈಯಿಂದ ಒತ್ತಿದಳು. ಅದು ಆಚೆಗೆ ಬಂತು, ಹಿಂದೆ ದಾರವೂ ಬಂತು.

ಚರ್ಚಿನ ಗಂಟೆ ಹೊಡೆಯತೊಡಗಿತು. ಹೊರಲು ಬಂದಿದ್ದವರು ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದರು. ಡಟನ್ ಮುಚ್ಚಳವನ್ನು ಎತ್ತಿ, ಸುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದ.

"ಹೊತ್ತಾಯ್ತು ತಾಯಿ."

ಹೆಸ್ಟರ್ ಕುರ್ಚಿ ಎಳೆದುಕೊಂಡು ತಲೆಯ ಬಳಿ ಕೂತಳು. ದಾರ ಒಳಹೊಕ್ಕ ಜಾಗಕ್ಕೆ ಮುಖವನ್ನು ತೀರ ಹತ್ತಿರ ತಂದು ನೋಡುತ್ತಿದ್ದಳು. ಅಲ್ಲಿ ರಕ್ತದ ಒಂದು ಹನಿಯೂ ಇರಲಿಲ್ಲ.

"ಪಾದ್ರಿ ಕಾಯ್ತಿದ್ದಾರೆ," ಎಂದರು ಬಾಗಿಲಿನವರು.

"ಕಾಯಲಿ," ಎಂದಳು. "ಇನ್ನೂ ಸ್ವಲ್ಪ ಹೊತ್ತು."

ಗಂಟೆ ಹೊಡೆದು ಹೊಡೆದು ನಿಂತಿತು. ಡಟನ್ ಮುಚ್ಚಳವನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ ನೆಲದ ಮೇಲೆ ಕೂತ. ಓಬೆಡನೂ ಕೆಳಗಿಳಿದು ಅವನ ಪಕ್ಕ ಕೂತ. ಒಂದು ನೊಣ ಬಂದು ಮೂಗಿನ ಮೇಲೆ ಇಳಿಯಿತು. ಹೆಸ್ಟರ್ ಅದನ್ನು ಓಡಿಸಿದಳು. ಮತ್ತೆ ಬಾಗಿ, ಎವೆಯಿಕ್ಕದೆ ನೋಡತೊಡಗಿದಳು.