ತಂಗಿಯ ನಂಬರು

ಚುಂಚನಕಟ್ಟೆಯ ಶಿವರುದ್ರಮ್ಮನ ಹುಚ್ಚೆಳ್ಳು ಪುಡಿಗೆ ಸುತ್ತೆಲ್ಲ ಒಳ್ಳೆಯ ಹೆಸರಿತ್ತು. ಒಂದು ದಿನ ಕೆ.ಆರ್. ನಗರದ ಅಂಗಡಿಯ ಮಹದೇವಪ್ರಸಾದ್ ಅವಳ ಪೊಟ್ಟಣಗಳನ್ನು ಹಿಂದಕ್ಕೆ ತಳ್ಳಿದ.

"ನೋಂದಣಿ ನಂಬರ್ ಇಲ್ದೆ ಮಾರಂಗಿಲ್ಲ ಕಣಮ್ಮ. ನಂಬರ್ ಹಾಕ್ಕೊಂಡ್ ಬನ್ನಿ."

ಮನೆಯ ಒಲೆಯಲ್ಲಿ ಹುರಿದದ್ದಕ್ಕೂ ಸರ್ಕಾರದ ಅಪ್ಪಣೆಯೇ? ಶಿವರುದ್ರಮ್ಮನಿಗೆ ರೇಗಿಹೋಯಿತು. ಮಹಿಳಾ ಸಂಘದ ರಾಧಾ ಬಿಡಿಸಿ ಹೇಳಿದಳು.

"ಮನೇಲ್ ಮಾಡಿ ಮಾರಿದ್ರೂ ಬೇಕು ಕಣಕ್ಕ. ಆಹಾರ ಸುರಕ್ಷತೆ ನೋಂದಣಿ ಅಂತ. ನಮ್ಮಂಥ ಸಣ್ಣೋರಿಗೆ ದೊಡ್ಡ ಲೈಸೆನ್ಸ್ ಬೇಡ, ಇದೇ ಸಾಕು. ಆಧಾರ್, ಫೋಟೊ ತನ್ನಿ, ಫೋನಲ್ಲೇ ಅರ್ಜಿ ಹಾಕವಾ."

"ಅಯ್ಯೋ ಬುಡವ್ವ, ಯಾರ್ ಒದ್ದಾಡ್ತಾರೆ? ಹನಗೋಡಲ್ಲಿ ನಮ್ ಐಶ್ವರ್ಯ ಮಾಡ್ಸವ್ಳಲ್ಲ, ಅವಳ್ ನಂಬರೇ ಆಕ್ಕತೀನಿ. ಒಡುಟ್ಟಿದೋಳು, ಬ್ಯಾರೆಯೋಳಾ?"

"ಆ ನಂಬರ್ ಅವ್ರಿಗೆ, ಅವ್ರ ಜಾಗಕ್ಕೆ ಅಂತ ಕೊಟ್ಟಿರ್ತಾರೆ. ನಿಮ್ ಒಲೇಲಿ ಹೆಚ್ಚುಕಮ್ಮಿ ಆದ್ರೆ ಅವ್ರ ಕುತ್ಗೆಗೆ ಬತ್ತದೆ ಅಕ್ಕ."

ಶಿವರುದ್ರಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಾಯಿ ತೀರಿಹೋದ ಮೇಲೆ ತಂಗಿಯನ್ನು ಸಾಕಿದವಳು ಅವಳೇ. ಹಬ್ಬ ಬಂದರೆ ಅಕ್ಕನ ಸರ ತಂಗಿಯ ಕೊರಳಿಗೆ, ತಂಗಿಯ ಸೀರೆ ಅಕ್ಕನ ಮೈಗೆ. ನಂಬರನ್ನೂ ಹಾಗೆಯೇ ಫೋನ್ ಮಾಡಿ ಕೇಳಿದಳು. ಐಶ್ವರ್ಯ ಹೇಳಿದಳು; ಅಕ್ಕನ ಪೊಟ್ಟಣಗಳ ಮೇಲೆ ತಂಗಿಯ ನಂಬರು ಬಂತು.

ಮಳೆಗಾಲದಲ್ಲಿ ಹುಚ್ಚೆಳ್ಳು ಸರಿಯಾಗಿ ಒಣಗಲಿಲ್ಲ. ಪೊಟ್ಟಣದೊಳಗೇ ಪುಡಿಗೆ ಬೂಷ್ಟು ಹಿಡಿಯಿತು. ಅದನ್ನು ತಿಂದ ಮಕ್ಕಳಿಗೆ ವಾಂತಿಯಾಗಿ, ಅವರ ಮನೆಯವರು ದೂರು ಕೊಟ್ಟರು. ಅಧಿಕಾರಿಗಳು ಪೊಟ್ಟಣದ ನಂಬರು ಹಿಡಿದು ಹೋದದ್ದು ಹನಗೋಡಿಗೆ. ವಿಚಾರಣೆ ಮುಗಿಯುವ ತನಕ ಏನನ್ನೂ ಮಾರಬಾರದು ಎಂದರು. ಹುಣಸೂರಿನ ಅಂಗಡಿಗಳಿಂದ ಐಶ್ವರ್ಯಳ ಚಕ್ಕುಲಿ, ಕೋಡುಬಳೆ ಎಲ್ಲ ವಾಪಸ್ಸು ಬಂತು. ಅವಳ ಸಂಸಾರ ನಡೆಯುತ್ತಿದ್ದದ್ದೇ ಅದರಿಂದ.

ಶಿವರುದ್ರಮ್ಮ ಹನಗೋಡಿಗೆ ಓಡಿದಳು. ತಂಗಿ ಹೊಗೆಸೊಪ್ಪು ಕಟ್ಟುವ ಕೂಲಿ ಮುಗಿಸಿ ಆಗಷ್ಟೇ ಬಂದಿದ್ದಳು. ಕೈತುಂಬ ಕಪ್ಪು ಅಂಟು.

"ತಪ್ಪಾಯ್ತು ಕಣವ್ವ."

"ನೀ ಕೇಳ್ದಾಗ್ಲೇ ಬ್ಯಾಡ ಅನ್ನುಸ್ತು ಕಣಕ್ಕ. ಸಾಕ್ದೋಳ್ಗೆ ಇಲ್ಲ ಅನ್ನಾದೆಂಗೆ ಅಂತ ಕೊಟ್ಟೆ. ಈಗ ನಾನ್ ಮಾಡಿದ್ದ ಯಾರೂ ತಿನ್ನಲ್ಲ. ನೀನೇ ಒಂದ್ ನಂಬರ್ ಮಾಡ್ಸಾಕೆ ಏನಾಗಿತ್ತಕ್ಕ ನಿಂಗೆ?"

ತಂಗಿ ನೀರು ಕೂಡ ಕೊಡದೆ ಒಳಗೆ ಹೋದಳು.

ಶಿವರುದ್ರಮ್ಮ ಊರಿಗೆ ಬಂದು ರಾಧಾಳ ಜಗಲಿಯಲ್ಲೇ ಕೂತು ಅರ್ಜಿ ಹಾಕಿಸಿದಳು. ಪಕ್ಕದಲ್ಲಿದ್ದ ಗಂಡ ನಂಜಣ್ಣ, "ಇಷ್ಟೇನಾ ಇದ್ದಿದ್ದು? ಇಷ್ಟಕ್ಕೆ ಆ ಐಶ್ವರ್ಯನ ಹೊಟ್ಟೆ ಮೇಲೆ ಹೊಡೆದ್ವಾ?" ಎಂದು ತಲೆ ತಗ್ಗಿಸಿದ. ಈಗ ಅವರ ಪೊಟ್ಟಣದ ಮೇಲೆ ಅವರದೇ ಹೆಸರು, ನಂಬರು, ತಯಾರಿಸಿದ ದಿನ ಎಲ್ಲವೂ ಇದೆ. ಮಹದೇವಪ್ರಸಾದ್ ಕೇಳಿ ಕೇಳಿ ತರಿಸಿಕೊಳ್ಳುತ್ತಾನೆ.

ಹಪ್ಪಳ, ಉಪ್ಪಿನಕಾಯಿ, ಪುಡಿ ಮಾಡಿ ಮಾರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಒಲೆಗೆ ನಿಮ್ಮದೇ ನೋಂದಣಿ ಇರಲಿ. ಇನ್ನೊಬ್ಬರ ನಂಬರು ಕೇಳಬೇಡಿ. ಎಷ್ಟೇ ಹತ್ತಿರದವರು ಕೇಳಿದರೂ ಕೊಡಬೇಡಿ. ಗೊತ್ತಾಗದಿದ್ದರೆ ಹತ್ತಿರದ ಸೇವಾ ಕೇಂದ್ರದಲ್ಲೋ ಸಂಘದಲ್ಲೋ ಇವತ್ತೇ ವಿಚಾರಿಸಿ. ನಾಳೆ ನೋಡೋಣ ಎನ್ನುವವರು ಶಿವರುದ್ರಮ್ಮನನ್ನು ಕೇಳಿ ನೋಡಿ. ಅವಳ ತಂಗಿ ಇನ್ನೂ ಫೋನ್ ಎತ್ತುತ್ತಿಲ್ಲ.